ಖಾಲಿ ಕಾಡತೂಸಿನ ಬುಡ

ಮೊನ್ನೆ ಸಂಜೆ ಪಕ್ಕದ ಹೊಲದವರು ಆನೆ ಓಡಿಸಲು ಪಟಾಕಿ ಹೊಡೆದರು. ಮದ್ದಿನ ವಾಸನೆ ಅಡುಗೆಮನೆಗೂ ಬಂತು. ಒಲೆ ಆರಿಸಿ, ಕಿಟಕಿ ಮುಚ್ಚಿ, ಬಾಗಿಲಿನ ಅಗುಳಿಯನ್ನೂ ಹಾಕಿಕೊಂಡೆ. ನಗಬೇಡಿ. ತಾಳವಾಡಿ ಸೀಮೆಯಲ್ಲೇ ಹುಟ್ಟಿ ಬೆಳೆದವಳು ನಾನು, ಆನೆ ಹೊಸದಲ್ಲ. ಆದರೆ ಆ ವಾಸನೆ ಬಂದರೆ ಅಗುಳಿ ಹಾಕದೆ ಇರಲಾರೆ.

ಇದಕ್ಕೆ ಕಾರಣ ದೊಡ್ಡಗಾಜನೂರಿನ ಚಿಕ್ಕಪ್ಪ. ಅವರ ಹತ್ತಿರ ಲೈಸೆನ್ಸಿನ ರೈಫಲ್ ಇತ್ತು, ಗಾಳಿಗೆ ಗುಂಡು ಹಾರಿಸಿ ಆನೆ ಬೆದರಿಸುವುದಕ್ಕೆ. ಹೊಡೆದಾದ ಮೇಲೆ ಖಾಲಿ ಕಾಡತೂಸನ್ನು ನನ್ನ ಅಂಗೈಗೆ ಹಾಕಿ ಪಾಠ ಮಾಡುತ್ತಿದ್ದರು. "ಬುಡ ನೋಡು ಮಗಾ. ನಡೂಲಿ ಮದ್ದು ಅತ್ಸೋ ಕ್ಯಾಪದಲ್ಲ, ಅದ್ರ ಅಂಚು ಗುಂಡ್ಗಿದ್ರೆ ಸರಿ. ಚಪ್ಪಟೆ ಆಗಿದ್ರೆ ಒಳಗೆ ಒತ್ತಡ ಎಚ್ಚಾಗ್ಯದೆ ಅಂತ. ಕಾಡತೂಸು ಎಳ್ದು ತಗಿಯೋ ಬೋಲ್ಟೂ ಬಿಗ್ದುಕತ್ತು ಅಂದ್ರೆ ಅಲ್ಲಿಗೇ ನಿಲ್ಲುಸ್ಬುಡ್ಬೇಕು. ಇಲ್ದಿದ್ರೆ ಕೋವಿನೇ ಮುಖಕ್ಕೆ ಸಿಡಿತದೆ." ಆಗ ಬಿ.ಎಡ್. ಓದುತ್ತಿದ್ದ ನಾನು ಕಾಲೇಜಿನಲ್ಲೂ ತೋರದ ಶ್ರದ್ಧೆಯಿಂದ ತಲೆಯಾಡಿಸುತ್ತಿದ್ದೆ.

ಒಂದು ಸಲ ಅಂಗಡಿಯಲ್ಲಿ ಕಾಡತೂಸು ಸಿಗದೆ, ಚಿಕ್ಕಪ್ಪ ಯಾರೋ ಮನೆಯಲ್ಲೇ ಮದ್ದು ತುಂಬಿಟ್ಟ ಒಂದು ಡಬ್ಬಿ ತಂದಿದ್ದರು. ಹೊತ್ತು ಮುಳುಗುವ ಮುಂಚೆಯೇ ಜೋಳದ ಹೊಲಕ್ಕೆ ಒಂಟಿ ಸಲಗ ನುಗ್ಗಿತು. ಚಿಕ್ಕಪ್ಪ ಗುಂಡು ಹಾರಿಸಿದರು. ಸದ್ದು ಎಂದಿನಂತಿರಲಿಲ್ಲ, ಕಿವಿ ಗುಂಯ್ ಎಂದಿತು. ಬೋಲ್ಟು ಅಲುಗಲಿಲ್ಲ. ಬಡಿದು ಬಡಿದು ಎಳೆದಾಗ ಕಾಡತೂಸು ನನ್ನ ಕಾಲ ಬಳಿ ಬಿತ್ತು. ಎತ್ತಿ ನೋಡಿದೆ. ಕ್ಯಾಪು ತಟ್ಟಿದ ಹಿಟ್ಟಿನಂತೆ ಹರಡಿತ್ತು. ಬುಡದ ಮೇಲೆ, ಸುತ್ತಲೂ, ಕೂದಲೆಳೆಯಷ್ಟು ಬಿರುಕು.

"ಚಿಕ್ಕಪ್ಪ, ಇನ್ ಒಡಿಬ್ಯಾಡ!"

ಅವರೂ ನೋಡಿದ್ದರು. ಆದರೆ ಸಲಗ ಕಾಡಿಗೆ ಹೋಗುವ ಬದಲು ಮೋಟಾರ್ ರೂಮಿನತ್ತ ತಿರುಗಿತ್ತು. ಮೋಟಾರ್ ನಿಲ್ಲಿಸಲು ಹೋದ ಚಿಕ್ಕವ್ವ ಅದರೊಳಗಿದ್ದರು. ಬಾಗಿಲು ಬರೀ ತಗಡಿನದು. ಆನೆ ಅದರ ಮೇಲೆ ಸೊಂಡಿಲಾಡಿಸತೊಡಗಿತು.

"ದೂರ ಓಗು ಮಗಾ." ನನ್ನನ್ನು ಹಿಂದಕ್ಕೆ ತಳ್ಳಿ, ಅದೇ ಡಬ್ಬಿಯ ಇನ್ನೊಂದು ಕಾಡತೂಸು ಹಾಕಿ, ಚಿಕ್ಕಪ್ಪ ರೈಫಲ್ಲನ್ನು ಆಕಾಶಕ್ಕೆ ಎತ್ತಿದರು. ನಾನು ಬೇವಿನ ಮರದ ಹಿಂದೆ ಕಣ್ಣು ಮುಚ್ಚಿ ಕೂತೆ. ಬಾಗಿಲು ಮುರಿಯುವುದು ಮೊದಲು ಕೇಳುತ್ತದೋ, ಚಿಕ್ಕಪ್ಪ ಚೀರುವುದೋ? ಏನೂ ಕೇಳಲಿಲ್ಲ. ಕಣ್ಣು ಬಿಟ್ಟಾಗ ಸಲಗ ತಾನಾಗಿಯೇ ಹಳ್ಳದ ಕಡೆ ಇಳಿಯುತ್ತಿತ್ತು.

ಚಿಕ್ಕವ್ವ ಹೊರಗೆ ಬಂದು ಕೇಳಿದ್ದು ಒಂದೇ: "ಯಾಕ್ ಇನ್ನೊಂದ್ ಸಲ ಒಡಿನಿಲ್ಲ?"

ಚಿಕ್ಕಪ್ಪ ಬೆನ್ನು ತಿರುಗಿಸಿ ರೈಫಲ್ಲಿನ ಕಾಡತೂಸು ತೆಗೆಯತೊಡಗಿದರು. ಬಿರುಕು ತೋರಿಸಿ ವಿವರಿಸಿದವಳು ನಾನೇ. ಮರುದಿನವೇ ಅವರು ರೈಫಲ್ಲನ್ನು ಸ್ಟೇಷನ್ನಿಗೆ ಒಪ್ಪಿಸಿಬಂದರು. ಅಂದಿನಿಂದ ನೆಂಟರು ಸೇರಿದಾಗಲೆಲ್ಲ ಚಿಕ್ಕವ್ವನದು ಒಂದೇ ಹಾಸ್ಯ. "ನಮ್ ಯಜಮಾನ್ರು ಪುಕ್ಲು ಕಣ್ರವ್ವ. ಎಡ್ತಿಗಿಂತ ತಮ್ ಮುಖಾನೇ ಎಚ್ಚಾಯ್ತು." ಎಲ್ಲರೂ ನಗುತ್ತಿದ್ದರು, ಚಿಕ್ಕಪ್ಪನೂ.

ಮೊನ್ನೆ ಪಟಾಕಿ ನಿಂತ ಮೇಲೆ ಅವರಿಗೆ ಫೋನ್ ಮಾಡಿದೆ. ಹಳೆಯ ಮಾತು ಬಂತು. "ಸದ್ಯ, ನೀನು ಅವತ್ತು ಎರಡ್ನೇ ಸಲ ಒಡಿನಿಲ್ಲ ಚಿಕ್ಕಪ್ಪ," ಎಂದೆ.

ಚಿಕ್ಕಪ್ಪ ದನಿ ತಗ್ಗಿಸಿದರು.

"ಟ್ರಿಗರ್ ಒತ್ತಿದ್ದೆ ಮಗಾ. ಟಿಕ್ ಅಂತು, ಅಷ್ಟೆಯ. ಮದ್ದು ಅತ್ಕನಿಲ್ಲ."

"ಚಿಕ್ಕವ್ವನ್ಗೆ ಇದ್ನ ಏಳಿದ್ದೀಯಾ?"

"ಊಂಹೂಂ. ಪುಕ್ಲ ಅಂದ್ಕಂಡು ನಗ್ತಾವ್ಳೆ. ನಗ್ಲಿ ಬುಡು."

ಫೋನಿನ ಆಚೆ ಚಿಕ್ಕವ್ವ ಪಾತ್ರೆ ಜೋಡಿಸುವ ಸದ್ದು ಬರುತ್ತಿತ್ತು. ನಾನು ಅಗುಳಿ ತೆಗೆದು ಹೊಸ್ತಿಲ ಮೇಲೆ ಕೂತೆ. ಅದು ಎಂದೋ ಮುಗಿದ ಸಂಜೆ ಎಂದುಕೊಂಡಿದ್ದೆ. ಮುಂದಿನ ಸಲ ಚಿಕ್ಕವ್ವ ಆ ಹಾಸ್ಯ ಎತ್ತಿದಾಗ ಚಿಕ್ಕಪ್ಪ ನನ್ನ ಮುಖ ನೋಡುತ್ತಾರೆ. ನಾನೂ ಎಲ್ಲರ ಜೊತೆ ನಗಬೇಕು.