ಮಗಳ ತಲೆ ಮೇಲಿನ ಆಣೆ

ಲಾಲಪ್ಪ ಹುಮನಾಬಾದಿನ ಕುಡಿತ ಬಿಡಿಸುವ ಕೇಂದ್ರದಲ್ಲಿ ಸಮಾಲೋಚಕನಾಗಿ ಸೇರಿದ್ದು 2002ರಲ್ಲಿ. ಅಲ್ಲಿಯವರೆಗೆ ಈ ಸೀಮೆಯಲ್ಲಿ ಕುಡಿತ ಬಿಡಿಸುವುದೆಂದರೆ ಬೈಯುವುದು, ಬಡಿಯುವುದು, ಯಾವುದೂ ನಡೆಯದಿದ್ದರೆ ಮಕ್ಕಳ ತಲೆ ಮುಟ್ಟಿಸಿ ಆಣೆ ಹಾಕಿಸುವುದು. ಲಾಲಪ್ಪನ ಅಪ್ಪ ದುಬಲಗುಂಡಿಯಲ್ಲಿ ಊರೆಲ್ಲರಿಂದ ಉಗಿಸಿಕೊಳ್ಳುತ್ತಲೇ ಕುಡಿದು ಸತ್ತಿದ್ದ. ಹಾಗಾಗಿ ತರಬೇತಿಯಲ್ಲಿ, 'ಉಪದೇಶ ಬೇಡ, ಕೇಳಿ. ಬಿಡಬೇಕೆಂಬ ಮಾತು ಅವರ ಬಾಯಿಂದಲೇ ಬರಲಿ' ಎಂದಾಗ ಅವನಿಗೆ ಕಣ್ಣು ತೆರೆದಂತಾಯಿತು.

ಬಸವಕಲ್ಯಾಣದ ಹೆದ್ದಾರಿಯಲ್ಲಿ ಲಾರಿ ರಿಪೇರಿ ಮಾಡುವ ವೈಜಿನಾಥನನ್ನು ಹೆಂಡತಿ ಗಿರಿಜಾಬಾಯಿ ಎಳೆದುಕೊಂಡು ಬಂದಳು. ಅವಳನ್ನು ಹೊರಗೆ ಕೂರಿಸಿ ಲಾಲಪ್ಪ ಕೇಳಿದ:

"ಕುಡಿಯೋದು ಬಿಡಬೇಕಂತ ಹತ್ತರಾಗ ಎಷ್ಟು ಅನಸ್ತದ್ರಿ?"

"ಎರಡು."

ಬೇರೆ ಯಾರಾದರೂ ಕಪಾಳಕ್ಕೆ ಬಾರಿಸುತ್ತಿದ್ದರು. ಲಾಲಪ್ಪ ಕೇಳಿದ, "ಸೊನ್ನಿ ಯಾಕಲ್ಲರಿ?"

"ಮಗಳು ಧನಶ್ರೀ, ಮೊದ್ಲ ಓಡ್ಕೋತ ಬರ್ತಿದ್ಲು. ಈಗ ಕರದ್ರ ಮೂಗು ಮುಚ್ಕೊಂಡು ಬರ್ತಾಳ್ರಿ" ಎಂದು ವೈಜಿನಾಥ ಬಿಕ್ಕಿ ಬಿಕ್ಕಿ ಅತ್ತ. ಆಮೇಲೆ ವಾರವಾರವೂ ತಾನೇ ಬಸ್ಸು ಹತ್ತಿ ಬಂದ. ಕುಡಿತ ನಿಜಕ್ಕೂ ಇಳಿಯಿತು.

ಲಾಲಪ್ಪನಿಗೆ ಸಂತೋಷ ಹೊಟ್ಟೆಯಲ್ಲಿ ನಿಲ್ಲಲಿಲ್ಲ. ಕೋಣೆಯ ಮಾತು ಕೋಣೆಯಲ್ಲೇ ಇರಬೇಕು ಎಂಬುದು ಗೊತ್ತಿದ್ದೂ, ಒಂದು ದಿನ ಗಿರಿಜಾಬಾಯಿಗೆ, "ಮಗಳ ಸಲುವಾಗಿ ಬಿಡಾಕತ್ಯಾರ್ರಿ" ಎಂದುಬಿಟ್ಟ. ವರ್ಷಗಟ್ಟಲೆ ಒದೆ ತಿಂದ ಹೆಂಗಸು, ಸಿಕ್ಕ ಆಯುಧ ಬಿಡುತ್ತಾಳೆಯೇ? ಅಂದೇ ಸಂಜೆ ಓಣಿಯವರನ್ನೆಲ್ಲ ಕರೆದು, ಗಂಡನ ಕೈಯನ್ನು ಮಗಳ ತಲೆಯ ಮೇಲಿಟ್ಟು, "ಮತ್ತ ಕುಡದ್ರ ಈಕಿ ಸಾಯ್ಲಿ ಅನ್ನು" ಎಂದಳು. ಅವನು ಅಂದ. ವಿಷಯ ತಿಳಿದು ಲಾಲಪ್ಪ ಬೈದರೆ, "ನಿಮ್ಮ ಮಾತಿಗಿಂತ ಆಣಿ ಗಟ್ಟಿರಿ" ಎಂದಳು.

ಆಣೆ ಉಳಿದದ್ದು ಭಾವಮೈದುನನ ಮದುವೆಯವರೆಗೆ; ಅಲ್ಲಿ ಮತ್ತೆ ಕುಡಿದ. ಆಮೇಲೆ ವೈಜಿನಾಥ ಕೇಂದ್ರದ ಕಡೆ ತಲೆ ಹಾಕಲಿಲ್ಲ. ಲಾಲಪ್ಪನೇ ಬಸವಕಲ್ಯಾಣಕ್ಕೆ ಹೋದ. ವೈಜಿನಾಥ ಹೊಸ್ತಿಲ ಮೇಲೆ ಕುಡಿದು ಕೂತಿದ್ದ, ಮುಖದಲ್ಲಿ ಚಿಂತೆಯ ಸುಳಿವೇ ಇರಲಿಲ್ಲ.

"ಅಂಜ್ಕೋತ ಕುಡದೆರಿ. ಮುಂಜಾನೆ ಎದ್ದು ನೋಡಿದ್ರ ಹುಡುಗಿ ಆರಾಮ ಅದಾಳ. ಇನ್ನ ಯಾತರ ಅಂಜಿಕಿ?"

ಕುಡಿತ ಬಿಡಲು ಅವನಿಗಿದ್ದ ಒಂದೇ ಕಾರಣವನ್ನು ಲಾಲಪ್ಪನೂ ಸೇರಿ ಎಲ್ಲರೂ ಕೊಂದಿದ್ದರು.

ಒಳಗೆ ಎಂಟು ವರ್ಷದ ಧನಶ್ರೀ ಶಾಲೆಗೂ ಹೋಗದೆ ಮಲಗಿದ್ದಳು. ಲಾಲಪ್ಪ ಹತ್ತಿರ ಕೂತಾಗ ಮೆಲ್ಲಗೆ ಕೇಳಿದಳು, "ಸರ್, ಅಪ್ಪ ದಿನಾ ಕುಡ್ಯಾಕತ್ಯಾನ. ನಾ ಯಾವಾಗ ಸಾಯ್ತೀನ್ರಿ?"

"ನೀ ಸಾಯಂಗಿಲ್ಲವ್ವ. ಅದೆಲ್ಲಾ ಸುಳ್ಳು."

ಹುಡುಗಿಯ ಮುಖ ಇನ್ನಷ್ಟು ಸಣ್ಣದಾಯಿತು.

"ಹಂಗಾರ ಅಪ್ಪ ಬಿಡಂಗೇ ಇಲ್ಲೇನ್ರಿ?"