ರಿಜಿಸ್ಟರಿನಲ್ಲಿ ಇಲ್ಲದ ಹೆಸರು

ಅವರ ಬಲಗೈ ತೋರುಬೆರಳಿನ ತುದಿ ಸದಾ ಮಸಿ ತಾಗಿ ನೀಲಿಯಾಗಿರುತ್ತಿತ್ತು. ಲಾಡ್ಜಿನ ಉದ್ದನೆಯ ರಿಜಿಸ್ಟರಿನಲ್ಲಿ ಯಾರದಾದರೂ ಹೆಸರು ಹುಡುಕುವಾಗ ಆ ಬೆರಳು ಸಾಲಿನ ಮೇಲೆ ಸಾಲು ಇಳಿಯುತ್ತಿತ್ತು. ಕೊನೆ ಮುಟ್ಟಿದ ಮೇಲೆ ಸುಮ್ಮನಾಗುತ್ತಿರಲಿಲ್ಲ, ಮತ್ತೆ ಕೆಳಗಿನಿಂದ ಮೇಲಕ್ಕೆ ಹತ್ತುತ್ತಿತ್ತು. ಎರಡು ಸಲ ನೋಡದೆ ಅವರು ಯಾರಿಗೂ ಇದ್ದಾರೆ ಎಂದಾಗಲಿ ಇಲ್ಲ ಎಂದಾಗಲಿ ಹೇಳಿದವರಲ್ಲ.

ರಾಯಚೂರಿನ ಬಸ್ ನಿಲ್ದಾಣದ ಹತ್ತಿರದ ಸಣ್ಣ ಲಾಡ್ಜಿಗೆ ಅವರು ಮ್ಯಾನೇಜರ್. ಊರು ಮಾನ್ವಿ. ಎಂಬತ್ತರ ದಶಕದ ಮೊದಲ ವರ್ಷಗಳು ಅವು. ನಾನು ಶಕ್ತಿನಗರದಲ್ಲಿ ಒಬ್ಬ ಕಂತ್ರಾಟುದಾರನ ಉಗ್ರಾಣದಲ್ಲಿ ಗುಮಾಸ್ತನಾಗಿದ್ದೆ. ದಿನಾ ಬಸ್ಸಿನಲ್ಲಿ ಹೋಗಿ ಬರುತ್ತ, ಲಾಡ್ಜಿನ ಮಹಡಿಯ ಒಂದು ರೂಮಿನಲ್ಲಿ ತಿಂಗಳ ಬಾಡಿಗೆಗೆ ಇದ್ದೆ. ಅವರನ್ನು ಸಾಹೇಬರು ಎಂದು ಕರೆಯುತ್ತಿದ್ದೆ. ಅವರಿಗೆ ನಾನು ತಮ್ಮ.

ಅವರ ಕುರ್ಚಿಯ ಹಿಂದೆ ಗೋಡೆಗೆ ಒಂದು ಹಲಗೆ ಇತ್ತು: ರೂಮಿನಲ್ಲಿ ಹೆಚ್ಚಿನ ಜನ ರಾತ್ರಿ ತಂಗಿದರೆ ತಲಾ ಎರಡು ರೂಪಾಯಿ ಬೇರೆ, ಹೆಸರು ಬರೆಸತಕ್ಕದ್ದು. ಹಗಲು ಬಂದುಹೋಗುವವರಿಗೆ ಏನೂ ಇಲ್ಲ. ರಾತ್ರಿ ಉಳಿದರೆ ಮಾತ್ರ ಯಾರಿಗೂ ಬಿಡುಗಡೆ ಇರಲಿಲ್ಲ. ಒಮ್ಮೆ ಅವರ ಹೆಂಡತಿಯ ತಮ್ಮ ಮಾನ್ವಿಯಿಂದ ಬಂದು ಗೆಳೆಯನ ರೂಮಿನಲ್ಲಿ ಉಳಿದ. ಅವನ ಮುಂದೆಯೂ ಕೈ ಚಾಚಿದರು.

"ಅರೇ ಭಾಯಿ, ಅಕ್ಕನ ಗಂಡ ಅಂತ ಇಲ್ಲಿಗೆ ಬಂದ್ರ ನನ್ನ ಕಡಿಂದನೂ ವಸೂಲಿ ಏನು? ಮನ್ಯಾಗ ಅಕ್ಕ ಉಣ್ಣಾಕ ಹಾಕಿದ್ದಕ್ಕೂ ಚೀಟಿ ಹರೀತೀಯೇನು?" ಎಂದು ಅವನು ನಕ್ಕ.

"ಮನ್ಯಾಗ ನಿನ್ನ ಎಲ್ಲಾರೂ ಬಲ್ಲರು. ಇಲ್ಲಿ ನಿನ್ನ ಯಾರು ಬಲ್ಲರು? ತೆಗಿ ಎರಡು ರೂಪಾಯಿ," ಎಂದರು ಇವರು. ಹಣ ಇಸಕೊಂಡು ಹೆಸರು, ಊರು, ತಂದೆಯ ಹೆಸರು ಬರೆದರು. ಆಮೇಲೆ ತಾವೇ ಒಂದು ಜಮಖಾನೆ, ಒಂದು ತಲೆದಿಂಬು ಹೊತ್ತುಕೊಂಡು ಮೇಲೆ ಹೋದರು.

ಇಷ್ಟು ಬಿಗಿ ಯಾಕೆ ಎಂದು ನಾನು ಒಂದು ದಿನ ಕೇಳಿದ್ದೆ. ಅವರು ಬಂದ ಹೊಸದರಲ್ಲಿ ಒಂದು ರೂಮಿನಲ್ಲಿ ಹೆಸರು ಬರೆಸದೆ ಉಳಿದಿದ್ದ ಮುದುಕನೊಬ್ಬ ಎದೆನೋವಿನಿಂದ ತೀರಿಕೊಂಡನಂತೆ. ರೂಮು ಹಿಡಿದವನು ಹೆದರಿ ಓಡಿಹೋದ. ಹೆಣ ಎರಡು ದಿನ ಯಾರೂ ಇಲ್ಲದೆ ಬಿದ್ದಿತ್ತು.

"ಯಾವ ಊರಿಗೆ ಸುದ್ದಿ ಕಳಸಲಿ? ಯಾರಿಗೆ ಕಳಸಲಿ? ಜಮಖಾನಿ ಕಳುವಾಗಿ ಹೋದ್ರ ಹೋಗಲಿ ತಮ್ಮಾ. ನನ್ನ ಸೂರಿನ ಕೆಳಗ ಮಲಗಿದವನ ಹೆಸರು ನನಗ ಗೊತ್ತಿರಬೇಕು," ಎಂದರು. ನಾನು ತಲೆಯಾಡಿಸಿದೆ. ಅರ್ಥವಾಗಿದೆ ಎಂದುಕೊಂಡಿದ್ದೆ.

ಆ ವರ್ಷ ನನ್ನ ಅಕ್ಕ ಹೆರಿಗೆಗೆಂದು ದೇವದುರ್ಗದ ನಮ್ಮ ಮನೆಗೆ ಬಂದಿದ್ದಳು. ಅವಳ ಗಂಡ, ನಮ್ಮ ಮಾಮಾ, ಜಾಲಹಳ್ಳಿಯವರು. ಹೊಲದ ಇಂಜಿನ್ನಿನ ಬಿಡಿಭಾಗ ತರಲು ಒಂದು ಸಂಜೆ ರಾಯಚೂರಿಗೆ ಬಂದು ನನ್ನ ರೂಮಿಗೇ ಇಳಿದರು. ಲಾಡ್ಜಿನ ಹೆಸರನ್ನು ನಮ್ಮ ಅವ್ವನಿಗೆ ಹೇಳಿ ಬಂದಿದ್ದರು. ದಿನ ತುಂಬಿದ ಹೆಂಡತಿಯನ್ನು ಬಿಟ್ಟುಬಂದ ಮನುಷ್ಯ, ಹೇಳದೆ ಇರುತ್ತಾರೆಯೇ?

"ಹೋಗಿ ನನ್ನ ಹೆಸರು ಬರಸಿ ಬಾ," ಎಂದು ಎರಡು ರೂಪಾಯಿ ಕೊಟ್ಟರು. ನಾನು ಕೆಳಗಿಳಿದೆ. ಸಾಹೇಬರು ನಮಾಜಿಗೆ ಹೋಗಿದ್ದರು, ಕುರ್ಚಿ ಖಾಲಿ ಇತ್ತು. ಒಂದಿಷ್ಟು ಹೊತ್ತು ನಿಂತೆ. ಆಮೇಲೆ ನೋಟನ್ನು ಜೇಬಿಗೆ ಹಾಕಿಕೊಂಡು ಮೇಲೆ ಬಂದು, "ಬರಸೀನಿ ಮಾಮಾ," ಎಂದೆ.

ಮರುದಿನ ನಸುಕಿನಲ್ಲೇ ನಾನು ಕೆಲಸಕ್ಕೆ ಹೊರಟೆ. ಆ ಎರಡು ರೂಪಾಯಿಯಲ್ಲಿ ಶಕ್ತಿನಗರದಲ್ಲಿ ಗೆಳೆಯರ ಜೊತೆ ಮಿರ್ಚಿ ತಿಂದು ಚಹಾ ಕುಡಿದೆ.

ನಾನು ಹೊರಟ ಸ್ವಲ್ಪ ಹೊತ್ತಿಗೆ ದೇವದುರ್ಗದಿಂದ ಹತ್ತಿ ತುಂಬಿಕೊಂಡು ಬಂದ ಲಾರಿಯ ಡ್ರೈವರ್ ಲಾಡ್ಜಿಗೆ ಬಂದಿದ್ದ. ಅವನ ಕೈಯಲ್ಲಿ ಆಸ್ಪತ್ರೆಯ ಕಂಪೌಂಡರ್ ಬರೆದ ಚೀಟಿ ಇತ್ತು. ಹೆರಿಗೆಯಾಗಿದೆ, ರಕ್ತ ನಿಲ್ಲುತ್ತಿಲ್ಲ, ರಾಯಚೂರಿಗೆ ಒಯ್ಯಬೇಕು, ಇಲ್ಲಿ ಗಾಡಿ ಇಲ್ಲ, ಜೀಪು ಮಾಡಿಕೊಂಡು ಕೂಡಲೇ ಬಾ. ಮೇಲೆ ಗಂಡನ ಹೆಸರು ಮಾತ್ರ. ಸಾಹೇಬರು ರಿಜಿಸ್ಟರ್ ತೆರೆದರು. ನೀಲಿ ಬೆರಳು ಇಳಿಯಿತು, ಹತ್ತಿತು. "ಈ ಹೆಸರಿನವರು ಇಲ್ಲಪ್ಪಾ. ಬ್ಯಾರೆ ಲಾಡ್ಜಿನಾಗ ನೋಡು, ಬೇಗ ಹೋಗು," ಎಂದರು. ಡ್ರೈವರ್ ಓಡಿದ. ಮಾಮಾ ಆಗ ಮಹಡಿಯ ಮೇಲೆ ಮುಖ ತೊಳೆಯುತ್ತಿದ್ದರು. ಆಮೇಲೆ ಅವರು ಇಳಿದು ಹೋದಾಗ ಸಾಹೇಬರು ಯಾರೋ ಬೆಳಗಿನ ಭೇಟಿಗೆ ಬಂದವರು ಎಂದುಕೊಂಡರು.

ಮಾಮಾ ಇಂಜಿನ್ನಿನ ಭಾಗ ಕೊಂಡು ಮಧ್ಯಾಹ್ನದ ಬಸ್ಸಿಗೆ ದೇವದುರ್ಗಕ್ಕೆ ಹೋದರು. ಅಷ್ಟರಲ್ಲಿ ಅಕ್ಕ ಹೋಗಿದ್ದಳು.

ಮಣ್ಣು ಮಾಡಿದ ಮೂರನೆಯ ದಿನ ಲಾರಿ ಡ್ರೈವರ್ ಮನೆಗೆ ಬಂದು ನಡೆದದ್ದನ್ನು ಹೇಳಿದ. ಮಾಮಾ ಮರುದಿನವೇ ನನ್ನನ್ನು ಕರೆದುಕೊಂಡು ಲಾಡ್ಜಿಗೆ ಬಂದರು.

"ನನ್ನ ಹೆಸರು ಬರಸೀನಿ. ರೊಕ್ಕ ಕೊಟ್ಟೀನಿ. ಇಲ್ಲ ಅಂತ ಹೆಂಗ ಅಂದಿ? ಅಲ್ಲಿ ನನ್ನ ಹೇಣ್ತಿ ರಕ್ತ ಹರಿಸಿಕೊಂಡು ಸತ್ತಳಲೇ!" ಎಂದರು ಮಾಮಾ.

ಸಾಹೇಬರು ರಿಜಿಸ್ಟರ್ ಎಳೆದುಕೊಂಡರು. ಬೆರಳು ಇಳಿಯಿತು, ಹತ್ತಿತು. ಆಮೇಲೆ ಕತ್ತೆತ್ತಿ ನನ್ನನ್ನು ನೋಡಿದರು. ನಾನು ನೆಲ ನೋಡಿದೆ.

"ಕೂಸು?" ಎಂದು ಕೇಳಿದರು.

"ಬದುಕ್ಯದ. ಹೆಣ್ಣು. ಇವನ ಅವ್ವನ ಉಡಿಯಾಗ ಅದ," ಎಂದರು ಮಾಮಾ.

ಸಾಹೇಬರು ರಿಜಿಸ್ಟರನ್ನು ನಿಧಾನವಾಗಿ ಮುಚ್ಚಿ ಅದರ ಮೇಲೆ ಕೈ ಇಟ್ಟರು. "ಹೆಸರು ಅದರಿ. ನಾನೇ ಬರದೀನಿ. ಅವತ್ತು ನೋಡೋದ್ರಾಗ ಕಣ್ಣು ತಪ್ಪಿತು. ತಪ್ಪು ನಂದು," ಎಂದರು.

ಮಾಮಾ ಅವರ ಕಪಾಳಕ್ಕೆ ಹೊಡೆದರು. ಟೋಪಿ ಬಿತ್ತು. ಅವರು ಬಗ್ಗಿ ಅದನ್ನು ಎತ್ತಿಕೊಳ್ಳಲೂ ಇಲ್ಲ. ಮಾಮಾ ಅಲ್ಲಿಂದ ನೇರ ಮಾಲೀಕರ ಮನೆಗೆ ಹೋದರು. ಆ ವಾರವೇ ಸಾಹೇಬರ ಕೆಲಸ ಹೋಯಿತು.

ಮೂರು ವರ್ಷದ ಮೇಲೆ ನಾನು ಮಾನ್ವಿಗೆ ಹೋದೆ. ಸಾಹೇಬರು ತಮ್ಮ ಒಡಹುಟ್ಟಿದ ತಮ್ಮನ ಬಳೆ ಅಂಗಡಿಯಲ್ಲಿ ಕುಳಿತಿದ್ದರು. ಬೆರಳ ತುದಿಯ ನೀಲಿ ಹೋಗಿತ್ತು. ಕುಳಿತುಕೋ ಎಂದರು. ನಾನು ನಿಂತೇ ಕೇಳಿದೆ: "ಸಾಹೇಬ್ರ, ಯಾಕ ಹಂಗ ಮಾಡಿದ್ರಿ?"

"ಕೂಸು ಹೆಂಗದ?"

"ಓಡಾಡತಾಳ. ಮಾತಾಡತಾಳ."

"ನಿಮ್ಮ ಅವ್ವನ ಹತ್ರನೇ ಅದಾಳಿಲ್ಲೋ?"

"ಹೂಂ."

"ಮತ್ತ? ಅವತ್ತು ನಿನ್ನ ಸುಳ್ಳು ಹೊರಗ ಬಿದ್ದಿದ್ರ ನಿಮ್ಮ ಮಾಮಾ ಕೂಸಿನ್ನ ನಿಮ್ಮ ಮನ್ಯಾಗ ಬಿಡತಿದ್ದನೇನು? ತಾಯಿ ಹೋದಳು. ಅಜ್ಜಿನೂ ಹೋಗಬೇಕಾಗಿತ್ತೇನು ಅದಕ್ಕ?" ಎಂದರು. ಮತ್ತೆ, "ನಿನ್ನ ಸಲುವಾಗಿ ಅಲ್ಲ ತಮ್ಮಾ," ಎಂದರು.

ಆ ಮಾತಿನಲ್ಲಿ ಸಿಟ್ಟು ಇರಲಿಲ್ಲ. ಇದ್ದಿದ್ದರೆ ಚೆನ್ನಾಗಿತ್ತು.

ಹೊರಡುವಾಗ ತಮ್ಮ ಎರಡು ಬೆರಳು ಕೂಡಿಸಿ ಗುಂಡಗೆ ಮಾಡಿ, "ಕೈ ಇಷ್ಟಿರಬೇಕಲ್ಲ?" ಎಂದು ಕೇಳಿ ಒಂದು ಡಜನ್ ಹಸಿರು ಬಳೆ ಕಾಗದದಲ್ಲಿ ಸುತ್ತಿ ಕೊಟ್ಟರು. ಮುಂದೆ ಪ್ರತಿ ವರ್ಷ ಹೋಗುತ್ತಿದ್ದೆ. ಪ್ರತಿ ಸಲ ಅಳತೆ ಕೇಳುತ್ತಿದ್ದರು, ಕೊಡುತ್ತಿದ್ದರು. ಮನೆಯಲ್ಲಿ ನಾನು ಮಾನ್ವಿ ಸಂತೆಯಲ್ಲಿ ಕೊಂಡೆ ಎನ್ನುತ್ತಿದ್ದೆ.

ಆ ದಶಕದ ಕೊನೆಯಲ್ಲಿ ಒಂದು ಸಲ ಹೋದಾಗ ಅಂಗಡಿ ಮುಚ್ಚಿತ್ತು. ಸಾಹೇಬರನ್ನು ಹಿಂದಿನ ದಿನ ಸಂಜೆ ಮಣ್ಣು ಮಾಡಿದ್ದರು. ಮನೆಯ ಮುಂದೆ ಕುಳಿತಿದ್ದ ಅವರ ತಮ್ಮ, "ನೀವು ಯಾರು ಅಂತ ಗೊತ್ತಾಗಲಿಲ್ಲರಿ," ಎಂದರು. ಐದಾರು ವರ್ಷ ಅವರ ಅಂಗಡಿಯ ಬಳೆ ಒಯ್ದವನು ನಾನು. ಆದರೂ ಹೆಸರು ಹೇಳಲಿಲ್ಲ. "ಲಾಡ್ಜಿನಾಗ ಇದ್ದೆ," ಎಂದಷ್ಟೇ ಅಂದೆ.

ಎರಡು ದಿನ ಬಿಟ್ಟು ಜಾಲಹಳ್ಳಿಗೆ ಹೋಗಿ ಮಾಮಾನ ಮುಂದೆ ಕುಳಿತು ಎಲ್ಲ ಹೇಳಿದೆ. ಎರಡು ರೂಪಾಯಿ, ಖಾಲಿ ಕುರ್ಚಿ, ಮಿರ್ಚಿ, ಎಲ್ಲ. ಅವರು ನನ್ನನ್ನು ಹೊಡೆಯುತ್ತಾರೆ ಎಂದುಕೊಂಡಿದ್ದೆ. ಅವರು ತಮ್ಮ ಬಲಗೈಯನ್ನು ತೊಡೆಯ ಮೇಲೆ ಅಂಗಾತ ಇಟ್ಟುಕೊಂಡು ಬಹಳ ಹೊತ್ತು ನೋಡಿದರು.

"ಕೂಸಿನ ಕೈಯಾಗಿನ ಆ ಬಳಿ?" ಎಂದರು.

"ಅವರೇ ಕೊಡತಿದ್ರು."

ಆಮೇಲೆ ಕೇಳಿದರು: "ದೇವದುರ್ಗದಿಂದ ಮಾನ್ವಿಗೆ ಮುಂಜಾನಿ ಮೊದಲನೇ ಬಸ್ಸು ಎಷ್ಟಕ್ಕದ?"

"ಮಣ್ಣಾಗಿ ಮೂರು ದಿನ ಆತು ಮಾಮಾ."

"ಕೇಳಿಸ್ಯದ. ಬಸ್ಸು ಎಷ್ಟಕ್ಕ?"

"ಆರಕ್ಕ. ನಾನೂ ಬರತೀನಿ, ಜಾಗಾ ತೋರಸತೀನಿ."

ರಾತ್ರಿಗೇ ದೇವದುರ್ಗ ಸೇರಲು ಮಾಮಾ ಎದ್ದು ಗೂಟದ ಮೇಲಿನ ರುಮಾಲು ತೆಗೆದುಕೊಂಡರು.

"ನೀ ಬರಬ್ಯಾಡ," ಎಂದರು.