ಕೈ ಮೇಡಂ ಕೆಲಸ ಹುಡುಕಿದ್ದು

ವಿಶ್ವವಿದ್ಯಾಲಯದ ಉದ್ಯೋಗ ಮಾರ್ಗದರ್ಶನ ಕೇಂದ್ರ ಎಂದರೆ ಭಾರೀ ಕಟ್ಟಡ ಎಂದುಕೊಳ್ಳಬೇಡಿ. ಸೈಕಲ್ ಸ್ಟ್ಯಾಂಡಿಗೂ ನೀರಿನ ಟ್ಯಾಂಕಿಗೂ ನಡುವೆ ಒಂದು ಕೋಣೆ, ಒಂದು ಮೇಜು, ಕಾಲು ಅಲ್ಲಾಡುವ ಎರಡು ಕುರ್ಚಿ, ಮತ್ತು ಮೇಡಂ. ಕೊನೆಯ ವರ್ಷದ ಹುಡುಗ ಹುಡುಗಿಯರು ಸಂದರ್ಶನಕ್ಕೆ ಹೋಗುವ ಮೊದಲು ಅವರೆದುರು ಕೂತು ಬೆವರಬೇಕಿತ್ತು. ಅಭ್ಯರ್ಥಿ ಬಾಯಿ ತೆರೆಯುವ ಮೊದಲೇ ಅವರು, "ಕೈ ಎಲ್ಲಿಟ್ಟಿದೀಯ?" ಎಂದು ಕೇಳುತ್ತಿದ್ದರು. ಜೇಬಿನಲ್ಲಿಟ್ಟರೆ ಸೊಕ್ಕು, ಎದೆಗೆ ಕಟ್ಟಿದರೆ ಜಗಳ, ಮೇಜಿನ ಮೇಲಿಟ್ಟರೆ ಊಟಕ್ಕೆ ಕಾಯುವವರ ಹಾಗೆ. ಹೀಗಾಗಿ ಅವರಿಗೆ ಕೈ ಮೇಡಂ ಎಂಬ ಹೆಸರು ಬಿತ್ತು. ಅದು ಅವರ ಕಿವಿಗೂ ಬಿದ್ದಿತ್ತು. ಕೇಳಿಸದವರಂತೆ ಇದ್ದುಬಿಟ್ಟರು.

ಅವರಲ್ಲಿ ಒಂದೇ ಒಂದು ಸಣ್ಣ ಕೊರತೆಯಿತ್ತು: ಸ್ವತಃ ಅವರು ಒಂದು ಸಂದರ್ಶನಕ್ಕೂ ಹೋದವರಲ್ಲ. ಎಂ.ಎ. ಮುಗಿದ ಹೊಸತರಲ್ಲಿ ಆಗಿನ ಕುಲಸಚಿವರು ಗ್ರಂಥಾಲಯದ ಮೆಟ್ಟಿಲ ಮೇಲೆ ಸಿಕ್ಕಿ, "ಏನಮ್ಮ, ಸುಮ್ನೆ ಇದೀಯಾ? ನಾಳೆಯಿಂದ ಆ ಕೋಣೆ ನೋಡ್ಕೋ" ಎಂದಿದ್ದರು. ಕೂದಲು ನೆರೆಯುವವರೆಗೂ ನೋಡಿಕೊಂಡರು.

ಹೊಸ ಕುಲಪತಿಗಳು ಬಂದರು. ತಾತ್ಕಾಲಿಕ ಹುದ್ದೆಗಳಿಗೆಲ್ಲ ಹೊಸದಾಗಿ ಅರ್ಜಿ ಕರೆಯಿರಿ, ಈಗಿರುವವರೂ ಸಂದರ್ಶನಕ್ಕೆ ಬರಲಿ ಎಂದು ಆಜ್ಞೆಯಾಯಿತು. ಅಷ್ಟು ವರ್ಷವಾದರೂ ಕೈ ಮೇಡಂ ಹುದ್ದೆ ತಾತ್ಕಾಲಿಕವೇ; ಆ ದಿನ ಅವರಿಗೆ ಅನ್ನ ಸೇರಲಿಲ್ಲ.

ಕನ್ನಡಕದ ಅಂಗಡಿ ಇಟ್ಟಿದ್ದ ಗಂಡ ಸಂಜೆ ಅವರನ್ನು ಎದುರು ಕೂರಿಸಿಕೊಂಡು, ಗಂಟಲು ಸರಿಮಾಡಿಕೊಂಡು ಕೇಳಿದರು: "ನಿಮ್ಮ ದೌರ್ಬಲ್ಯ ಏನು?"

ಮೇಡಂ ಯೋಚಿಸುತ್ತಿರುವಾಗಲೇ ಅಡುಗೆಮನೆಯಿಂದ ಅತ್ತೆ ಕೂಗಿದರು: "ನನ್ನ ಕೇಳೋ, ನಾನು ಹೇಳ್ತೀನಿ. ಎಷ್ಟು ಹೊತ್ತು ಟೈಮಿದೆ?"

ಅಲ್ಲಿಗೆ ಮನೆಯ ತಾಲೀಮು ಮುಗಿಯಿತು.

ಮರುದಿನ ಕೇಂದ್ರಕ್ಕೆ ಸಮಾಜಶಾಸ್ತ್ರದ ಹುಡುಗಿಯೊಬ್ಬಳು ಬಂದಳು. ನಿಲ್ದಾಣವೇ ಇಲ್ಲದಂತೆ ಮಾತಾಡುತ್ತಿದ್ದ ಅವಳನ್ನು ಎಲ್ಲರೂ ಎಕ್ಸ್‌ಪ್ರೆಸ್ ಎಂದೇ ಕರೆಯುತ್ತಿದ್ದರು. "ಮೇಡಂ, ಈ ಕೇಂದ್ರಕ್ಕೇ ಒಬ್ಬರು ಬೇಕಂತೆ, ಅರ್ಜಿ ಹಾಕಿದೀನಿ, ನಿಮ್ಮ ಕೈಕೆಳಗೇ ಕೆಲಸ ಮಾಡಬಹುದಲ್ವಾ, ನೀವೇ ತಯಾರು ಮಾಡ್ಬೇಕು!"

ಆ 'ಒಬ್ಬರು' ಕೂರಬೇಕಾದ ಕುರ್ಚಿಯಲ್ಲಿ ತಾನೇ ಕೂತಿದ್ದೇನೆ ಎಂದು ಮೇಡಂ ಹೇಳಲಿಲ್ಲ. ಮನಸ್ಸಿನಲ್ಲಿ ಒಂದು ಕಳ್ಳ ಯೋಚನೆ ಇಣುಕಿತು. "ಚೆನ್ನಾಗೇ ಮಾತಾಡ್ತೀಯ. ಇನ್ನೂ ಸ್ವಲ್ಪ ಬೇಗ ಮಾತಾಡು" ಎಂದರು. ಎಕ್ಸ್‌ಪ್ರೆಸ್ ಶ್ರದ್ಧೆಯಿಂದ ವೇಗ ಹೆಚ್ಚಿಸಿದಳು. ಪದಗಳು ಒಂದರ ಮೇಲೊಂದು ಬಿದ್ದು ಹೊರಳಾಡಿದವು. ಎರಡನೇ ಉತ್ತರಕ್ಕೇ ಮೇಡಂಗೆ ತಡೆಯಲಾಗಲಿಲ್ಲ. "ನಿಲ್ಲಿಸೇ ಮಾರಾಯ್ತಿ! ಉಸಿರು ತಗೋ. ಮೊದಲಿಂದ ಹೇಳು" ಎಂದು ಗದರಿದರು. ಅನಂತರ ವಾರಪೂರ್ತಿ ತಿದ್ದಿದರು. ಕೆಟ್ಟ ಉತ್ತರ ಕೇಳಿ ಸುಮ್ಮನಿರುವ ಅಭ್ಯಾಸ ಅವರಿಗಿರಲಿಲ್ಲ, ಏನು ಮಾಡುವುದು?

ಸಂದರ್ಶನದ ದಿನ ಎಕ್ಸ್‌ಪ್ರೆಸ್ ಪ್ಯಾಸೆಂಜರ್ ಗಾಡಿಯಂತೆ ಸಮಾಧಾನವಾಗಿ ಮಾತಾಡಿ ಬಂದಳು. ಮೇಡಂ ಒಳಗೆ ಹೋದವರೇ ತಮ್ಮ ಎರಡು ಕೈಗಳನ್ನು ಎಲ್ಲಿಡಬೇಕೆಂದು ತೋಚದೆ, ಕೊನೆಗೆ ಅವುಗಳ ಮೇಲೇ ಕೂತರು. "ನಿಮ್ಮನ್ನೇ ಯಾಕೆ ತಗೋಬೇಕು?" ಎಂಬ ಪ್ರಶ್ನೆ ಬಂತು. ಪ್ರಶ್ನೆ ಕೇಳಿದ ತರುಣ ಅಧಿಕಾರಿ ಪೆನ್ನು ಕಚ್ಚುತ್ತಾ ಕಾಯುತ್ತಿದ್ದ. ಮೇಡಂ ಬಾಯಿಂದ ಬಂದದ್ದು ಇಷ್ಟೇ: "ಮೊದಲು ಆ ಪೆನ್ನು ಬಾಯಿಂದ ತೆಗೀರಿ."

ಕೆಲಸ ಎಕ್ಸ್‌ಪ್ರೆಸ್‌ಗೆ ಸಿಕ್ಕಿತು.

ಮೇಡಂ ಜಾಗಕ್ಕೇ ತಾನು ಬಂದದ್ದೆಂದು ಆಗ ತಿಳಿದ ಅವಳು ಅಳುತ್ತಾ ಅವರ ಮನೆಗೆ ಓಡಿಬಂದಳು. "ನನಗೆ ಬೇಡ ಮೇಡಂ, ಬಿಟ್ಟುಬಿಡ್ತೀನಿ."

"ಬಿಟ್ಟು ನೋಡು ಹೇಳ್ತೀನಿ! ಒಂದು ವಾರ ಗಂಟಲು ಹರ್ಕೊಂಡಿದೀನಿ ನಿನಗೋಸ್ಕರ" ಎಂದರು ಮೇಡಂ. ಅವಳನ್ನು ಸಾಗಹಾಕಿ ಬಾಗಿಲು ಹಾಕಿಕೊಂಡ ಮೇಲೆ ತಾವೂ ಸ್ವಲ್ಪ ಅತ್ತರು. ಅತ್ತೆ ಟೀ ಮಾಡಿಕೊಟ್ಟರು. ಸಕ್ಕರೆಯನ್ನೂ ಜಾಸ್ತಿ ಹಾಕಿದ್ದರು.

ಆಮೇಲೆ ಶುರುವಾಯಿತು ನಿಜವಾದ ಪರದಾಟ. ಒಂದು ಖಾಸಗಿ ಕಾಲೇಜಿನವರು "ತಿಳಿಸ್ತೀವಿ" ಎಂದರು, ತಿಳಿಸಲಿಲ್ಲ. ವಿಮಾ ಕಚೇರಿಯವರು ವಯಸ್ಸು ಕೇಳಿ ಮುಗುಳ್ನಕ್ಕರು. 'ತಿಳಿಸ್ತೀವಿ ಅಂದ್ರೆ ಧೈರ್ಯವಾಗಿರು' ಎಂದು ಎಷ್ಟು ಮಕ್ಕಳಿಗೆ ಹೇಳಿದ್ದರೋ! ಈಗ ಫೋನನ್ನು ಬಚ್ಚಲುಮನೆಗೂ ಒಯ್ಯತೊಡಗಿದರು.

ಎಕ್ಸ್‌ಪ್ರೆಸ್ ಬಿಡಲಿಲ್ಲ. ಅವರನ್ನು ಅದೇ ಕೋಣೆಗೆ ಕರೆಸಿ, ಅಭ್ಯರ್ಥಿಯ ಕುರ್ಚಿ ತೋರಿಸಿದಳು. ಮೇಡಂ ಕೂತು ಪಟಪಟನೆ ಒಂದು ಉತ್ತರ ಒಪ್ಪಿಸಿದರು.

"ಮೇಡಂ, ಬಯ್ಕೋಬೇಡಿ. ಇದು ಗೈಡ್‌ನಲ್ಲಿರೋ ಉತ್ತರ. ನಿಮ್ಮದು ಹೇಳಿ."

ಮೇಡಂಗೆ ಸಿಟ್ಟು ಬಂತು. ಹೇಳಿದ್ದು ಸರಿಯಾಗಿಯೇ ಇದ್ದುದರಿಂದ ಇನ್ನಷ್ಟು ಬಂತು. ಆದರೂ ಎದ್ದು ಹೋಗಲಿಲ್ಲ.

ಮೂರನೆಯದು ಒಂದು ದೊಡ್ಡ ಆಸ್ಪತ್ರೆ. ಸ್ವಾಗತದ ಮೇಜಿನಲ್ಲಿ ಕೂರುವ ಹೊಸ ಹುಡುಗಿಯರಿಗೆ ಮಾತು, ನಡವಳಿಕೆ ಕಲಿಸುವವರು ಬೇಕಿತ್ತು. "ಇಷ್ಟು ವರ್ಷ ಒಂದೇ ಕಡೆ ಯಾಕಿದ್ರಿ?" ಎಂದು ಮುಖ್ಯಸ್ಥೆ ಕೇಳಿದರು.

ಗೈಡ್‌ನ ಪ್ರಕಾರ ಇದಕ್ಕೆ ನಿಷ್ಠೆಯ ಬಗ್ಗೆ ಮಾತಾಡಬೇಕು. ಮೇಡಂ ಒಮ್ಮೆ ಉಸಿರೆಳೆದುಕೊಂಡರು. "ಯಾರೂ ಏಳಿ ಅನ್ಲಿಲ್ಲ, ಕೂತಿದ್ದೆ. ಕೆಲಸ ಇಷ್ಟವಾಗಿತ್ತು. ಈಗ ಎಬ್ಬಿಸಿದಾರೆ, ಭಯ ಆಗ್ತಿದೆ. ಹೊಸಬರಿಗೂ ಭಯ ಇರುತ್ತಲ್ಲ, ಅವರ ಜೊತೆ ಹೊಂದ್ಕೋತೀನಿ."

ಮುಖ್ಯಸ್ಥೆ ನಕ್ಕರು. ಸೋಮವಾರದಿಂದಲೇ ಬನ್ನಿ ಎಂದರು.

ಸೋಮವಾರ ಮೇಡಂ ಎಲ್ಲರಿಗಿಂತ ಮೊದಲೇ ಆಸ್ಪತ್ರೆ ತಲುಪಿದರು. ಬಾಗಿಲಲ್ಲಿದ್ದ ಕಾವಲುಗಾರ ಅವರ ಬೆದರಿದ ಮುಖ ನೋಡಿ ಕನಿಕರದಿಂದ ಒಂದು ಟೋಕನ್ ಕೈಗಿತ್ತು ಬೆಂಚು ತೋರಿಸಿದ. ಹೊಸ ಜಾಗ, ಇಲ್ಲಿನ ಪದ್ಧತಿಯೇ ಹೀಗಿರಬೇಕೆಂದು ಮೇಡಂ ತೆಪ್ಪಗೆ ಕೂತರು. ಸರದಿ ಬಂದಾಗ ಒಳಗೂ ಹೋದರು. ವೈದ್ಯರು ರಕ್ತದೊತ್ತಡ ನೋಡಲು ತೋಳಿಗೆ ಪಟ್ಟಿ ಸುತ್ತಿದ ಮೇಲಷ್ಟೇ, "ಡಾಕ್ಟ್ರೇ, ನಾನು ಇಲ್ಲಿ ಕೆಲಸಕ್ಕೆ ಬಂದವಳು" ಎಂದು ಮೆಲ್ಲಗೆ ತಿಳಿಸಿದರು.